ಸಾರ್ವಜನಿಕ ಸ್ಮಾರಕಗಳು ಮತ್ತು ರಾಜಕೀಯ ವಿವಾದಗಳು

ಬೀದಿ, ವೃತ್ತ, ಉದ್ಯಾನ, ಸರ್ಕಾರಿ ಕಚೇರಿಯ ಅಂಗಳ ಮೊದಲಾಗಿ ಎಲ್ಲರೂ ಓಡಾಡುವ ಜಾಗಗಳಲ್ಲಿ ಒಬ್ಬ ವ್ಯಕ್ತಿಯ ಇಲ್ಲವೇ ಒಂದು ಘಟನೆಯ ನೆನಪಿಗೆ ನಿಲ್ಲಿಸಿದ ಪ್ರತಿಮೆ, ಸ್ತಂಭ, ಕಮಾನು, ಶಿಲಾಫಲಕಗಳು ಸಾರ್ವಜನಿಕ ಸ್ಮಾರಕಗಳು. ಯಾರ ಸಾವು ಬಲಿದಾನ, ಯಾರ ಗೆಲುವು ಊರಿನ ಗೆಲುವು ಎಂಬುದನ್ನು ಇವು ಕಲ್ಲಿನಲ್ಲಿ ತೀರ್ಮಾನಿಸಿಬಿಡುತ್ತವೆ. ಆ ತೀರ್ಮಾನವನ್ನು ಒಪ್ಪದವರೂ ದಿನಬೆಳಗಾದರೆ ಅದರ ಪಕ್ಕದಲ್ಲೇ ಹಾದುಹೋಗಬೇಕು. ಪುಸ್ತಕ ಹಿಡಿಸದಿದ್ದರೆ ಮುಚ್ಚಿಡಬಹುದು. ವೃತ್ತದ ನಡುವಿನ ಕುದುರೆ ಸವಾರನನ್ನು ಮುಚ್ಚಿಡಲು ಬರುವುದಿಲ್ಲ.

ಪ್ರತಿ ಸ್ಮಾರಕಕ್ಕೂ ಎರಡು ಇಸವಿಗಳಿವೆ. ನೆನೆಯುತ್ತಿರುವ ಘಟನೆಯದು ಒಂದು, ಸ್ಮಾರಕ ಎದ್ದು ನಿಂತದ್ದು ಇನ್ನೊಂದು. ಶ್ರೀರಂಗಪಟ್ಟಣದ ಕೋಟೆಯಲ್ಲಿ, 1799ರಲ್ಲಿ ಬ್ರಿಟಿಷ್ ಸೇನೆ ಗೋಡೆ ಒಡೆದು ಒಳನುಗ್ಗಿದ ಕಡೆ, ಆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿನ ಕಲ್ಲುಕಂಬವಿದೆ. ಅದನ್ನು ನಿಲ್ಲಿಸಿದ್ದು ನೂರೆಂಟು ವರ್ಷಗಳ ನಂತರ, 1907ರಲ್ಲಿ. ನಿಲ್ಲಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ. ಆ ಕಂಬ ಟಿಪ್ಪುವಿನ ಕೊನೆಯ ದಿನದ ಬಗ್ಗೆ ಹೇಳುವುದಕ್ಕಿಂತ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಮತ್ತು ಬ್ರಿಟಿಷ್ ಸಾರ್ವಭೌಮತ್ವದ ನಡುವಿನ ಸಂಬಂಧದ ಬಗ್ಗೆ ಹೇಳುವುದೇ ಹೆಚ್ಚು. ವಿವಾದಕ್ಕೊಳಗಾದ ಬಹುತೇಕ ಸ್ಮಾರಕಗಳಿಗೆ ಈ ಮಾತು ಅನ್ವಯಿಸುತ್ತದೆ. ಸ್ಮಾರಕ ತೆಗೆದರೆ ಇತಿಹಾಸವೇ ಅಳಿಯುತ್ತದೆ ಎಂಬ ವಾದ ಮೊದಲನೆಯ ಇಸವಿಯನ್ನಷ್ಟೇ ನೋಡುತ್ತದೆ. ಜಗಳ ಸಾಮಾನ್ಯವಾಗಿ ಎರಡನೆಯದರ ಮೇಲಿರುತ್ತದೆ.

ಪೂಜಾಸ್ಥಳಗಳ ಒಡೆತನದ ವಿವಾದಗಳು ಬೇರೆಯದೇ ಕಾನೂನು ಮತ್ತು ಚರಿತ್ರೆಯುಳ್ಳವು. ಅವು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಗೆದ್ದವರ ಅಕ್ಷರ

ಸ್ಮಾರಕದ ಮೇಲಿನ ಕದನ ಆಧುನಿಕ ಕಾಲದ ಹುಟ್ಟಲ್ಲ. ಕ್ರಿ.ಶ. 642ರ ಸುಮಾರಿಗೆ ಪಲ್ಲವ ಅರಸ ಒಂದನೆಯ ನರಸಿಂಹವರ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದ. ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿ, 'ವಾತಾಪಿಕೊಂಡ' ಎಂಬ ಬಿರುದು ಹೊತ್ತು ಮರಳಿದ. ಸೋತ ರಾಜಧಾನಿಯ ಮೈಮೇಲೆಯೇ ಗೆದ್ದವನ ಅಕ್ಷರ ಉಳಿಯಿತು. ಸುಮಾರು ನೂರು ವರ್ಷಗಳ ನಂತರ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಉತ್ತರ ಕೊಟ್ಟ ರೀತಿಯೇ ಬೇರೆ. ಪಲ್ಲವರು ಕಟ್ಟಿಸಿದ ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಣ್ಣಾರೆ ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಅದೇ ದೇವಾಲಯದ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿದ. ಕಂಚಿಯ ನಟ್ಟನಡುವೆ, ಶತ್ರುವಿನ ಸ್ಮಾರಕದಲ್ಲಿ, ಗೆದ್ದವನ ಔದಾರ್ಯದ ಕನ್ನಡ ಶಾಸನ ಇಂದಿಗೂ ಇದೆ. ಅದು ಔದಾರ್ಯ ಹೌದು, ಅಧಿಕಾರದ ಮುದ್ರೆಯೂ ಹೌದು. ಈ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಈಗಿನ ವಿರೂಪಾಕ್ಷ ದೇವಾಲಯ.

ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚೋಳ ರಾಜಾಧಿರಾಜ ಕಲ್ಯಾಣದ ಚಾಲುಕ್ಯರ ರಾಜಧಾನಿಗೆ ಬೆಂಕಿಯಿಟ್ಟಾಗ ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಇದು ಎಂದು ಅದರ ಪೀಠದಲ್ಲಿ ತಮಿಳಿನಲ್ಲಿ ಬರೆಸಲಾಗಿದೆ. ಈಗ ತಂಜಾವೂರಿನ ಕಲಾ ಗ್ಯಾಲರಿಯಲ್ಲಿರುವ ಈ ಮೂರ್ತಿಯನ್ನು ಚೋಳ ಶಿಲ್ಪಗಳ ನಡುವೆ ನಿಲ್ಲಿಸಿದರೂ ಅದರ ಚಾಲುಕ್ಯ ಮೈಕಟ್ಟು ಬೇರೆಯಾಗಿ ಎದ್ದು ಕಾಣುತ್ತದೆ. ಚೋಳರಿಗೆ ಬೇಕಾಗಿದ್ದೂ ಅದೇ: ಪರನಾಡಿನ ಶಿಲ್ಪವೆಂದು ನೋಡಿದ ತಕ್ಷಣ ತಿಳಿಯಬೇಕು. ಪ್ರತಿಮೆಯನ್ನು ಒಡೆಯದೆ, ಅದರ ಜಾಗ ಬದಲಿಸಿ, ಒಂದು ಸಾಲು ಬರೆದು ಅರ್ಥವನ್ನೇ ತಿರುವಿಹಾಕಿದ ಇದಕ್ಕಿಂತ ಒಳ್ಳೆಯ ಉದಾಹರಣೆ ಜಗತ್ತಿನಲ್ಲಿ ವಿರಳ.

ಉರುಳಿದ ಅರಸರು

ಅರಸನ ಪ್ರತಿಮೆ ಅರಸನ ಸಂಪತ್ತಾಗಿದ್ದ ಕಾಲ ಮುಗಿದು ಊರಿನ ಚೌಕ ಪ್ರಜೆಗಳದು ಎಂಬ ಭಾವನೆ ಬಂದ ಮೇಲೆ ಉರುಳಿಸುವವರೂ ಬದಲಾದರು. 1776ರ ಜುಲೈ 9ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ನ್ಯೂಯಾರ್ಕ್‌ನಲ್ಲಿ ಓದಿ ಹೇಳಿದ ಸಂಜೆ, ಸೈನಿಕರೂ ನಾಗರಿಕರೂ ಸೇರಿ ಮೂರನೆಯ ಜಾರ್ಜ್ ದೊರೆಯ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಅದು ಚಿನ್ನದ ಲೇಪವಿದ್ದ ಸೀಸದ ಪ್ರತಿಮೆ. ಚೂರುಗಳನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ಗೆ ಸಾಗಿಸಿ ಕರಗಿಸಿ 42,088 ಗುಂಡುಗಳನ್ನು ಎರಕ ಹೊಯ್ದರು. ದೊರೆಯ ಸೀಸ ದೊರೆಯ ಸೈನಿಕರ ಮೇಲೆಯೇ ಹಾರಿತು.

ಪ್ಯಾರಿಸ್‌ನ ವಾಂದೋಮ್ ಚೌಕದ ಸ್ತಂಭ ಇನ್ನೊಂದು ಬಗೆಯ ಪಾಠ. ನೆಪೋಲಿಯನ್ ತಾನು ವಶಪಡಿಸಿಕೊಂಡ ಫಿರಂಗಿಗಳ ಕಂಚಿನಿಂದ ಅದನ್ನು ಹೊದಿಸಿ 1810ರಲ್ಲಿ ಮುಗಿಸಿದ್ದ. 1871ರ ಮೇ 16ರಂದು, ಆಗ ನಗರದ ಅಧಿಕಾರ ಹಿಡಿದಿದ್ದ ಕ್ರಾಂತಿಕಾರಿ ಪ್ಯಾರಿಸ್ ಕಮ್ಯೂನ್ ಅದನ್ನು ದಂಡಾಧಿಕಾರದ ಕುರುಹೆಂದು ಕೆಡವಿಸಿತು. ಕೆಲವೇ ದಿನಗಳಲ್ಲಿ ಕಮ್ಯೂನ್ ರಕ್ತದಲ್ಲಿ ಮುಳುಗಿತು. ಹೊಸ ಸರ್ಕಾರ ಸ್ತಂಭವನ್ನು ಮತ್ತೆ ನಿಲ್ಲಿಸಿ, ಅದರ ಖರ್ಚನ್ನು ಕಮ್ಯೂನ್‌ನಲ್ಲಿದ್ದ ಚಿತ್ರಕಾರ ಗುಸ್ತಾವ್ ಕೂರ್ಬೆಯ ತಲೆಗೆ ಕಟ್ಟಿತು. ಸ್ವಿಟ್ಜರ್ಲೆಂಡ್‌ಗೆ ಓಡಿಹೋದ ಕೂರ್ಬೆ ಮೊದಲ ಕಂತು ಕಟ್ಟುವ ಮುನ್ನವೇ, 1877ರ ಡಿಸೆಂಬರ್ 31ರಂದು, ತೀರಿಕೊಂಡ. ಸ್ತಂಭ ಈಗಲೂ ಅಲ್ಲಿದೆ.

ಅಮೆರಿಕದ ದಕ್ಷಿಣ: ಸೋತವರು ನಿಲ್ಲಿಸಿದ ಪ್ರತಿಮೆಗಳು

ಯುದ್ಧದಲ್ಲಿ ಸೋತವರು ಸ್ಮಾರಕಗಳ ಮೂಲಕ ಗೆದ್ದ ಕಥೆ ಅಮೆರಿಕದ ದಕ್ಷಿಣ ರಾಜ್ಯಗಳದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋದ ಕಾನ್ಫೆಡರೇಟ್ ರಾಜ್ಯಗಳು 1861ರಿಂದ 1865ರವರೆಗೆ ಹೋರಾಡಿ ಶರಣಾದವು. ಅವರ ಸೇನಾಪತಿ ರಾಬರ್ಟ್ ಇ. ಲೀ 1870ರಲ್ಲಿ ತೀರಿಕೊಂಡ. ಯುದ್ಧದ ಗಾಯಗಳನ್ನು ತೆರೆದಿಡುವ ಸ್ಮಾರಕಗಳು ಬೇಡವೆಂದೇ ಅವನು 1869ರ ಪತ್ರವೊಂದರಲ್ಲಿ ಅಭಿಪ್ರಾಯಪಟ್ಟಿದ್ದ. ಆದರೂ ವರ್ಜೀನಿಯಾದ ರಿಚ್ಮಂಡ್‌ನಲ್ಲಿ 1890ರ ಮೇ 29ರಂದು ಕುದುರೆಯೇರಿದ ಅವನ ಬೃಹತ್ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಪೀಠವೂ ಸೇರಿ ಸುಮಾರು 60 ಅಡಿ ಎತ್ತರ. ನೋಡಲು ಸೇರಿದ್ದವರು ಲಕ್ಷಕ್ಕೂ ಹೆಚ್ಚು.

ಆಗ ಆ ಊರಿನಲ್ಲಿ ಏನು ನಡೆಯುತ್ತಿತ್ತು ಎಂಬುದು ಮುಖ್ಯ. ಯುದ್ಧದ ಬಳಿಕ ಮತ ಹಾಕುವ ಹಕ್ಕು ಪಡೆದ ಕಪ್ಪು ಜನ ನಗರಸಭೆಯಲ್ಲೂ ಇದ್ದರು. ಗುಲಾಮಗಿರಿಯಲ್ಲೇ ಹುಟ್ಟಿ, 'ರಿಚ್ಮಂಡ್ ಪ್ಲಾನೆಟ್' ಪತ್ರಿಕೆಯ ಸಂಪಾದಕನೂ ನಗರಸಭೆಯ ಸದಸ್ಯನೂ ಆಗಿದ್ದ ಜಾನ್ ಮಿಚೆಲ್, ಈ ಸಮಾರಂಭಕ್ಕೆ ಊರಿನ ಹಣ ಖರ್ಚುಮಾಡುವುದನ್ನು ವಿರೋಧಿಸಿದ. ಪ್ರತಿಮೆಯನ್ನು ಎತ್ತಿ ನಿಲ್ಲಿಸಲು ದುಡಿದ ಕಪ್ಪು ಮನುಷ್ಯನೇ ಕಾಲ ಬಂದಾಗ ಅದನ್ನು ಇಳಿಸುತ್ತಾನೆ ಎಂಬ ಅರ್ಥದ ಮಾತನ್ನು ತನ್ನ ಪತ್ರಿಕೆಯಲ್ಲಿ ಬರೆದ. 1902ರಲ್ಲಿ ವರ್ಜೀನಿಯಾದ ಹೊಸ ಸಂವಿಧಾನ ತಲೆಗಂದಾಯ ಮತ್ತು ತಿಳಿವಳಿಕೆಯ ಪರೀಕ್ಷೆಗಳ ಮೂಲಕ ಕಪ್ಪು ಮತದಾರರನ್ನು ಪಟ್ಟಿಯಿಂದ ಹೊರದೂಡಿತು. ಅದೇ ದಶಕಗಳಲ್ಲಿ ದಕ್ಷಿಣದ ನ್ಯಾಯಾಲಯಗಳ ಮುಂದೆ, ಊರ ಚೌಕಗಳಲ್ಲಿ ಇಂಥ ಪ್ರತಿಮೆಗಳು ಸಾಲುಸಾಲಾಗಿ ಎದ್ದವು. 1894ರಲ್ಲಿ ಹುಟ್ಟಿದ 'ಕಾನ್ಫೆಡರಸಿಯ ಸಂಯುಕ್ತ ಪುತ್ರಿಯರು' ಎಂಬ ಮಹಿಳಾ ಸಂಘ ಹಣ ಕೂಡಿಸಿತು, ಶಾಲಾ ಪಠ್ಯಗಳ ಮೇಲೂ ಕಣ್ಣಿಟ್ಟಿತು. ನ್ಯಾಯ ಕೇಳಲು ಬಂದ ಕಪ್ಪು ಕಕ್ಷಿದಾರ ಮೊದಲು ಕಂಚಿನ ಕಾನ್ಫೆಡರೇಟ್ ಸೈನಿಕನನ್ನು ದಾಟಿ ಒಳಗೆ ಹೋಗಬೇಕಾಗಿತ್ತು. ಇದನ್ನು ಪರಂಪರೆ ಎಂದಷ್ಟೇ ಕರೆದರೆ ಆ ಕಕ್ಷಿದಾರನ ಅನುಭವವನ್ನು ಎರಡನೆಯ ಸಲ ಅಳಿಸಿದಂತೆ.

2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚೊಂದರಲ್ಲಿ ಬಿಳಿಯ ಜನಾಂಗವಾದಿಯೊಬ್ಬ ಒಂಬತ್ತು ಕಪ್ಪು ಭಕ್ತರನ್ನು ಕೊಂದ ಮೇಲೆ ಈ ಪ್ರತಿಮೆಗಳ ಪ್ರಶ್ನೆ ದೇಶದ ಪ್ರಶ್ನೆಯಾಯಿತು. ಶಾರ್ಲಟ್ಸ್‌ವಿಲ್‌ನಲ್ಲಿ 1924ರ ಲೀ ಪ್ರತಿಮೆಯನ್ನು ತೆಗೆಯಲು ನಗರಸಭೆ ನಿರ್ಧರಿಸಿದಾಗ, ಅದನ್ನು ಉಳಿಸಲೆಂದು 2017ರ ಆಗಸ್ಟ್‌ನಲ್ಲಿ ಬಿಳಿಯ ಜನಾಂಗವಾದಿ ಗುಂಪುಗಳು ಪಂಜು ಹಿಡಿದು ಮೆರವಣಿಗೆ ಮಾಡಿದವು. ಮರುದಿನ ಅವರಲ್ಲೊಬ್ಬ ಎದುರಾಳಿಗಳ ಗುಂಪಿನ ಮೇಲೆ ಕಾರು ನುಗ್ಗಿಸಿ ಒಬ್ಬ ಯುವತಿಯನ್ನು ಕೊಂದ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಬಳಿಕ ರಿಚ್ಮಂಡ್‌ನ ಲೀ ಪೀಠ ಬಣ್ಣಬಣ್ಣದ ಬರಹಗಳಿಂದ ತುಂಬಿಹೋಯಿತು. ಪ್ರತಿಮೆಯನ್ನು ತೆಗೆಯಲು ಸರ್ಕಾರ ಹೊರಡಿಸಿದ ಆದೇಶಕ್ಕೆ ಅಕ್ಕಪಕ್ಕದ ಕೆಲವು ನಿವಾಸಿಗಳು ನ್ಯಾಯಾಲಯದಲ್ಲಿ ತಡೆಯೊಡ್ಡಿದರು. ಪ್ರತಿಮೆಯನ್ನು ನಿಷ್ಠೆಯಿಂದ ಕಾಪಾಡುವುದಾಗಿ ರಾಜ್ಯ 1887 ಮತ್ತು 1890ರ ಪತ್ರಗಳಲ್ಲಿ ಮಾತು ಕೊಟ್ಟಿದೆ ಎಂಬುದು ಅವರ ವಾದ. ಹಿಂದಿನವರು ಬರೆದುಕೊಟ್ಟ ಪತ್ರ ಇಂದಿನ ಸರ್ಕಾರ ಏನು ಹೇಳಬೇಕೆಂಬುದನ್ನು ಎಂದೆಂದಿಗೂ ಕಟ್ಟಿಹಾಕಲಾಗದು ಎಂದು ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್ 2ರಂದು ತೀರ್ಪಿತ್ತಿತು. ಆರು ದಿನಗಳ ನಂತರ ಕ್ರೇನ್ ಬಂತು. ಕೆಲಸದ ಗುತ್ತಿಗೆ ಹಿಡಿದಿದ್ದವನು ಕಪ್ಪು ಗುತ್ತಿಗೆದಾರ. ಮಿಚೆಲ್ ಬರೆದು ನೂರಮೂವತ್ತೊಂದು ವರ್ಷಗಳಾಗಿದ್ದವು. ಶಾರ್ಲಟ್ಸ್‌ವಿಲ್‌ನ ಲೀಯನ್ನು 2023ರಲ್ಲಿ ಕುಲುಮೆಗೆ ಹಾಕಿ ಕರಗಿಸಲಾಯಿತು. ಆ ಕಂಚಿನಿಂದ ಹೊಸ ಕಲಾಕೃತಿ ಮಾಡುವ ಯೋಜನೆ ಅಲ್ಲಿನ ಆಫ್ರಿಕನ್ ಅಮೆರಿಕನ್ ಪರಂಪರಾ ಕೇಂದ್ರದ್ದು.

ಕೇಪ್‌ಟೌನ್ ಮತ್ತು ಬ್ರಿಸ್ಟಲ್

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್‌ನ ಪ್ರತಿಮೆ 1934ರಿಂದ ಇತ್ತು. ವರ್ಣಭೇದದ ಆಡಳಿತ 1994ರಲ್ಲಿ ಮುಗಿದರೂ ಅದು ಕದಲಲಿಲ್ಲ. 2015ರ ಮಾರ್ಚ್ 9ರಂದು ವಿದ್ಯಾರ್ಥಿಯೊಬ್ಬ ಅದರ ಮೇಲೆ ಮಲ ಸುರಿದ. ಪಾಯಖಾನೆಯ ವ್ಯವಸ್ಥೆಯಿಲ್ಲದ ಕಪ್ಪು ಬಡಾವಣೆಗಳನ್ನು ವಿಶ್ವವಿದ್ಯಾಲಯದ ಮೆಟ್ಟಿಲಿಗೆ ತಂದು ನಿಲ್ಲಿಸುವುದು ಅವನ ಉದ್ದೇಶವಾಗಿತ್ತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 9ರಂದು, ಪ್ರತಿಮೆ ಇಳಿಯಿತು. ಅಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಚಳವಳಿ ಆಕ್ಸ್‌ಫರ್ಡ್‌ವರೆಗೂ ಹಬ್ಬಿತು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಡ್ವರ್ಡ್ ಕೋಲ್‌ಸ್ಟನ್ ಊರಿನ ದಾನಿ ಎಂದೇ ಹೆಸರಾದವನು. ಆಫ್ರಿಕನ್ನರನ್ನು ಗುಲಾಮರಾಗಿ ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ದೊಡ್ಡ ಪಾತ್ರಧಾರಿ. ಅವನು ಅಲ್ಲಿದ್ದ ವರ್ಷಗಳಲ್ಲಿ ಕಂಪನಿ ಸುಮಾರು 84,000 ಜನರನ್ನು ಸಾಗಿಸಿತೆಂದೂ ಅವರಲ್ಲಿ 19,000ದಷ್ಟು ಜನ ದಾರಿಯಲ್ಲೇ ಸತ್ತರೆಂದೂ ಅಂದಾಜು. ಅವನು ಸತ್ತದ್ದು 1721ರಲ್ಲಿ, ಪ್ರತಿಮೆ ಎದ್ದದ್ದು 1895ರಲ್ಲಿ. ಪೀಠದ ಬರಹದಲ್ಲಿ ಗುಲಾಮರ ಸುದ್ದಿಯೇ ಇರಲಿಲ್ಲ. ಆ ಸಂಗತಿ ತಿಳಿಸುವ ಎರಡನೆಯ ಫಲಕ ಹಾಕಲು 2018ರಲ್ಲಿ ಸಿದ್ಧತೆ ನಡೆದಾಗ ಪದಗಳನ್ನು ಮೃದುಗೊಳಿಸುವ ಜಗ್ಗಾಟ ಶುರುವಾಯಿತು. ಸಂಖ್ಯೆ ಬೇಕೆ, ಮಕ್ಕಳನ್ನೂ ಸಾಗಿಸಿದ್ದನ್ನು ಹೇಳಬೇಕೆ ಎಂದೆಲ್ಲ ಎಳೆದಾಡಿ ಕೊನೆಗೆ ಫಲಕವೇ ಬರಲಿಲ್ಲ. 2020ರ ಜೂನ್ 7ರಂದು ಜನ ಪ್ರತಿಮೆಯನ್ನು ಕೆಡವಿ, ಉರುಳಿಸುತ್ತ ಒಯ್ದು ಬಂದರಿನ ನೀರಿಗೆ ನೂಕಿದರು. ಒಂದು ಫಲಕದ ನಾಲ್ಕು ಸಾಲುಗಳಿಗೆ ಒಪ್ಪದ ಹಟವೇ ಪ್ರತಿಮೆಯನ್ನು ನೀರುಪಾಲು ಮಾಡಿತು ಎಂದರೆ ತಪ್ಪಾಗದು. ಮೊಕದ್ದಮೆ ಎದುರಿಸಿದ ನಾಲ್ವರನ್ನು 2022ರ ಜನವರಿಯಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ನೀರಿನಿಂದ ಎತ್ತಿದ ಪ್ರತಿಮೆಯನ್ನು ಬಳಿದ ಬಣ್ಣವನ್ನೂ ತೊಳೆಯದೆ, ಅಂಗಾತ ಮಲಗಿಸಿ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಯುರೋಪು: ಕೆಡವುವುದರ ಆಚೆ

ಸೋವಿಯತ್ ಕಾಲದ ಪ್ರತಿಮೆಗಳ ಪಾಡು ದೇಶದಿಂದ ದೇಶಕ್ಕೆ ಬೇರೆ. ಬುಡಾಪೆಸ್ಟ್‌ನ ಜನ 1956ರ ದಂಗೆಯ ಮೊದಲ ದಿನವೇ ಸ್ಟಾಲಿನ್ ಪ್ರತಿಮೆಯನ್ನು ಕತ್ತರಿಸಿದರು. ಪೀಠದ ಮೇಲೆ ಬೂಟುಗಳಷ್ಟೇ ಉಳಿದವು. ಕಮ್ಯುನಿಸ್ಟ್ ಆಡಳಿತ ಮುಗಿದ ಬಳಿಕ ಉಳಿದವುಗಳನ್ನು ಊರಾಚೆಯ ಮೆಮೆಂಟೊ ಪಾರ್ಕ್‌ಗೆ ಸಾಗಿಸಿ 1993ರಿಂದ ಪ್ರದರ್ಶನಕ್ಕಿಟ್ಟರು. ಉಕ್ರೇನ್ 2015ರ ಕಾನೂನಿನ ನಂತರ ಸಾವಿರಕ್ಕೂ ಹೆಚ್ಚು ಲೆನಿನ್ ಪ್ರತಿಮೆಗಳನ್ನು ಇಳಿಸಿತು. ಎಸ್ಟೋನಿಯಾದ ತಾಲಿನ್‌ನಲ್ಲಿ 1947ರ ಕಂಚಿನ ಸೈನಿಕ ಅಲ್ಲಿನ ರಷ್ಯನ್ ಭಾಷಿಕರಿಗೆ ನಾಜಿಗಳನ್ನು ಸೋಲಿಸಿದ ಅಪ್ಪ, ತಾತ. ಎಸ್ಟೋನಿಯನ್ನರಿಗೆ ಇನ್ನೊಂದು ಆಕ್ರಮಣದ ಆರಂಭ. 2007ರ ಏಪ್ರಿಲ್‌ನಲ್ಲಿ ಅದನ್ನು ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಲು ಹೊರಟಾಗ ಗಲಭೆಯೆದ್ದು ಒಬ್ಬ ಸತ್ತ. ಹಿಂದೆಯೇ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ ನಡೆಯಿತು. ನ್ಯಾಟೋ ತನ್ನ ಸೈಬರ್ ರಕ್ಷಣಾ ಕೇಂದ್ರವನ್ನು ಮರುವರ್ಷ ಅದೇ ಊರಿನಲ್ಲಿ ತೆರೆಯಿತು.

ಇಟಲಿಯ ಬೊಲ್ಜಾನೊ ಹಿಡಿದ ದಾರಿ ಗಮನಾರ್ಹ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಜರ್ಮನ್ ಭಾಷಿಕ ಪ್ರದೇಶ ಅದು. ಮುಸೊಲಿನಿಯ ಸರ್ಕಾರ 1928ರಲ್ಲಿ ಅಲ್ಲಿ ವಿಜಯದ ಕಮಾನು ಕಟ್ಟಿ, ಈ ನೆಲದವರಿಗೆ ಭಾಷೆ, ಕಾನೂನು, ಕಲೆಗಳನ್ನು ಕಲಿಸಿದ್ದು ತಾವೇ ಎಂದು ಲ್ಯಾಟಿನ್‌ನಲ್ಲಿ ಬರೆಸಿತು. ದಶಕಗಳ ಕಾಲ ಬೇಲಿ, ಪೊಲೀಸು, ಬಾಂಬು. 2014ರಲ್ಲಿ ಕಮಾನಿನ ನೆಲಮಾಳಿಗೆಯಲ್ಲಿ ಫ್ಯಾಸಿಸಂ ಮತ್ತು ನಾಜಿ ಆಡಳಿತಗಳೆರಡರ ಚರಿತ್ರೆಯ ಪ್ರದರ್ಶನ ತೆರೆದರು. ಮುಂಭಾಗದ ಕಂಬವೊಂದಕ್ಕೆ ಹರಿಯುವ ಅಕ್ಷರಗಳ ವಿದ್ಯುತ್ ಬಳೆ ತೊಡಿಸಿದರು. ಕಮಾನು ನಿಂತೇ ಇದೆ, ಅದರ ಬೀಗು ಇಳಿದಿದೆ. ಚೋಳರು ದ್ವಾರಪಾಲಕನಿಗೆ ಮಾಡಿದ್ದನ್ನು ಬೊಲ್ಜಾನೊ ಪ್ರಜಾಪ್ರಭುತ್ವದ ರೀತಿಯಲ್ಲಿ ಮಾಡಿತು.

ಜರ್ಮನಿಯ ಹ್ಯಾಂಬರ್ಗ್ ನಗರದ ಹಾರ್ಬುರ್ಗ್‌ನಲ್ಲಿ ಯೋಖೆನ್ ಗೆರ್ಟ್ಸ್ ಮತ್ತು ಎಸ್ತರ್ ಶಾಲೆವ್-ಗೆರ್ಟ್ಸ್ 1986ರಲ್ಲಿ ಫ್ಯಾಸಿಸಂ ವಿರುದ್ಧದ ಸ್ಮಾರಕವಾಗಿ ಸೀಸ ಹೊದಿಸಿದ 12 ಮೀಟರ್ ಎತ್ತರದ ಕಂಬವೊಂದನ್ನು ನಿಲ್ಲಿಸಿ, ಕೆತ್ತಲು ಉಕ್ಕಿನ ಕಡ್ಡಿ ಇಟ್ಟು, ಬಂದವರೆಲ್ಲ ಹೆಸರು ಬರೆಯಲಿ ಎಂದರು. ಕೈಗೆಟುಕುವಷ್ಟು ಭಾಗ ತುಂಬಿದಾಗಲೆಲ್ಲ ಕಂಬವನ್ನು ನೆಲದೊಳಕ್ಕೆ ಇಳಿಸುತ್ತ ಬಂದರು. ಸಹಿಗಳ ನಡುವೆ ಸ್ವಸ್ತಿಕವನ್ನೂ ಗೀಚಿದರು, ಗುಂಡಿನ ಗುರುತುಗಳೂ ಬಿದ್ದವು. ಊರಿನ ಮನಸ್ಸಿನಲ್ಲಿ ಏನಿತ್ತೋ ಅದೇ ಕಂಬದ ಮೇಲೂ ಬಂತು. 1993ರಲ್ಲಿ ಅದು ಪೂರ್ತಿ ನೆಲದಡಿ ಸೇರಿತು.

ಭಾರತ: ವಸಾಹತು ಕಾಲದ ಸ್ಮಾರಕಗಳು

ಭಾರತದಲ್ಲಿ ಪ್ರತಿಮೆಯ ವಿರುದ್ಧದ ಮೊದಲ ಸಂಘಟಿತ ಹೋರಾಟಗಳಲ್ಲಿ ಮದ್ರಾಸಿನದು ಪ್ರಮುಖ. 1857ರ ದಂಗೆಯನ್ನು ಕ್ರೂರವಾಗಿ ಹತ್ತಿಕ್ಕಿ ಲಖನೌದಲ್ಲಿ ಸತ್ತ ಜೇಮ್ಸ್ ನೀಲ್‌ನ ಪ್ರತಿಮೆ ಮೌಂಟ್ ರಸ್ತೆಯಲ್ಲಿತ್ತು. 1927ರಲ್ಲಿ ಅದರ ಎದುರು ಸತ್ಯಾಗ್ರಹ ನಡೆದು ಹಲವರು ಜೈಲು ಸೇರಿದರು. ಗಾಂಧೀಜಿ ಬೆಂಬಲಿಸಿದರು, ಹಿಂಸೆ ಬೇಡವೆಂದರು. 1937ರಲ್ಲಿ ರಾಜಾಜಿ ನೇತೃತ್ವದ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ನೀಲ್ ವಸ್ತುಸಂಗ್ರಹಾಲಯಕ್ಕೆ ಹೋದ. ಅದೇ ಊರಿನಲ್ಲಿ ಥಾಮಸ್ ಮನ್ರೋನ ಕುದುರೆ ಸವಾರಿಯ ಪ್ರತಿಮೆಯನ್ನು ಯಾರೂ ಮುಟ್ಟಲಿಲ್ಲ. ರೈತವಾರಿ ಪದ್ಧತಿಯ ಮನ್ರೋನನ್ನು ಜನ ಬೇರೆಯಾಗಿ ನೆನೆಯುತ್ತಿದ್ದರು. ಬ್ರಿಟಿಷರ ಪ್ರತಿಮೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗದ ಈ ವಿವೇಕವನ್ನು ಮೆಚ್ಚಬೇಕು. ಕಾನ್ಪುರದಲ್ಲಿ, 1857ರಲ್ಲಿ ಕೊಲೆಯಾದ ಬ್ರಿಟಿಷ್ ಹೆಂಗಸರು ಮತ್ತು ಮಕ್ಕಳ ಶವಗಳನ್ನು ಎಸೆದ ಬೀಬಿಘರ್ ಬಾವಿಯ ಮೇಲಿದ್ದ ಅಮೃತಶಿಲೆಯ ದೇವತೆಯ ಬಳಿಗೆ ಬ್ರಿಟಿಷರ ಕಾಲದಲ್ಲಿ ಭಾರತೀಯರು ಅಪ್ಪಣೆಯಿಲ್ಲದೆ ಹೋಗುವಂತಿರಲಿಲ್ಲ. ಸ್ವಾತಂತ್ರ್ಯಾನಂತರ ಅದನ್ನು ಚರ್ಚೊಂದರ ಆವರಣಕ್ಕೆ ಸಾಗಿಸಲಾಯಿತು, ಉದ್ಯಾನದಲ್ಲಿ ತಾತ್ಯಾ ಟೋಪೆಯ ಪ್ರತಿಮೆ ಬಂತು.

ದಿಲ್ಲಿಯ ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿದ್ದ ಐದನೆಯ ಜಾರ್ಜ್ ಪ್ರತಿಮೆಯನ್ನು 1968ರಲ್ಲಿ ತೆಗೆದು ಕೊರೊನೇಷನ್ ಪಾರ್ಕ್‌ಗೆ ಒಯ್ದರು. ಗಾಂಧಿ ಪ್ರತಿಮೆ ಇಡಬೇಕೆಂಬ ಚರ್ಚೆ ಬಂದುಹೋಯಿತು. ಮಂಟಪ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಖಾಲಿಯಾಗಿಯೇ ಉಳಿಯಿತು. 2022ರ ಸೆಪ್ಟೆಂಬರ್ 8ರಂದು ಅಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ 28 ಅಡಿಯ ಕಪ್ಪು ಗ್ರಾನೈಟ್ ಪ್ರತಿಮೆ ಅನಾವರಣಗೊಂಡಿತು. ಕೆತ್ತನೆಯ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್.

ಬೆಂಗಳೂರಿನಲ್ಲಿ 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಪೇಟೆ ಮತ್ತು ಕೋಟೆಯನ್ನು ಹಿಡಿದಾಗ ಸತ್ತವರ ನೆನಪಿನ ಸೆನೊಟಾಫ್ ಈಗಿನ ಕಾರ್ಪೊರೇಷನ್ ಕಚೇರಿಯ ಎದುರಿನ ಕೂಡುರಸ್ತೆಯಲ್ಲಿತ್ತು. ಕನ್ನಡ ಚಳವಳಿಗಾರರ ಒತ್ತಾಯದ ಮೇರೆಗೆ 1964ರ ಅಕ್ಟೋಬರ್‌ನಲ್ಲಿ ನಗರ ಕಾರ್ಪೊರೇಷನ್ ಅದನ್ನು ಕೆಡವಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಈಗ ಅಲ್ಲಿ ಕಾಣುವುದು ಕೆಂಪೇಗೌಡರ ಪ್ರತಿಮೆ. ಶ್ರೀರಂಗಪಟ್ಟಣದ ಕಂಬ ಉಳಿದು ಬೆಂಗಳೂರಿನದು ಹೋಗಲು ಅವುಗಳ ಅರ್ಥದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾರಣವಲ್ಲ. ಒಂದು ಪ್ರವಾಸಿಗರು ನೋಡುವ ಪಾಳುಕೋಟೆಯಲ್ಲಿತ್ತು, ಇನ್ನೊಂದು ರಾಜ್ಯದ ರಾಜಧಾನಿಯ ಹೃದಯದಲ್ಲಿತ್ತು. ಆದರೂ 1791ರ ಆ ಕದನದ ನೆಲೆಯಲ್ಲಿ ಅದರ ಗುರುತೇ ಉಳಿಯದಂತಾದದ್ದು ನಷ್ಟವೇ. ಬೆಂಗಳೂರನ್ನು ಕಾಪಾಡಲು ಸತ್ತ ಮೈಸೂರು ಸೈನಿಕರ ಹೆಸರನ್ನೂ ಹೊಸದಾಗಿ ಅಲ್ಲಿ ಯಾರೂ ಬರೆಯಲಿಲ್ಲ. ಕಮಿಷನರ್ ಮಾರ್ಕ್ ಕಬ್ಬನ್‌ನ ಪ್ರತಿಮೆಗೆ ಮೆದುವಾದ ಹಾದಿ ಸಿಕ್ಕಿತು. ಕಾನ್ಪುರದ ದೇವತೆಯನ್ನು ಮಾಡಿದ ಶಿಲ್ಪಿ ಮರೋಕೆಟ್ಟಿಯೇ ರೂಪಿಸಿದ ಆ ಕುದುರೆ ಸವಾರ 2020ರಲ್ಲಿ ಹೈಕೋರ್ಟ್ ಆವರಣದಿಂದ ಅವನದೇ ಹೆಸರಿನ ಉದ್ಯಾನದೊಳಕ್ಕೆ ಸರಿದ.

ಭೀಮಾ ಕೋರೆಗಾಂವ್

ಕಟ್ಟಿದವರ ಉದ್ದೇಶವನ್ನು ಮೀರಿ ಬೆಳೆದ ಸ್ಮಾರಕಕ್ಕೆ ಪುಣೆ ಸಮೀಪದ ಕೋರೆಗಾಂವ್‌ನ ಜಯಸ್ತಂಭ ಅತ್ಯುತ್ತಮ ನಿದರ್ಶನ. 1818ರ ಜನವರಿ 1ರಂದು ಕ್ಯಾಪ್ಟನ್ ಸ್ಟಾಂಟನ್‌ನ ಕೈಕೆಳಗಿನ ಸುಮಾರು 800 ಜನರ ಕಂಪನಿ ಪಡೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದ ಎರಡನೆಯ ಬಾಜಿರಾವ್ ಪೇಶ್ವೆಯ ಸೇನೆಯನ್ನು ಭೀಮಾ ನದಿಯ ದಡದಲ್ಲಿ ದಿನವಿಡೀ ತಡೆದು ನಿಂತಿತು. 1821ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಕೀರ್ತಿಗೆಂದು ಸ್ತಂಭಕ್ಕೆ ಅಡಿಗಲ್ಲಿಟ್ಟಿತು. ಅದರ ಮೇಲಿನ 49 ಹೆಸರುಗಳಲ್ಲಿ 22 ಹೆಸರುಗಳು 'ನಾಕ್' ಎಂದು ಮುಗಿಯುತ್ತವೆ. ಅವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಸೈನಿಕರ ಹೆಸರುಗಳು.

ಊರೊಳಗೆ ಕಾಲಿಡಲು ಬಿಡದ ಸಮಾಜದಲ್ಲಿ ಕಲ್ಲಿನ ಮೇಲೆ ಹೆಸರು ಬರೆಸಿಕೊಂಡ ಪೂರ್ವಜರು! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಮಹಾರರನ್ನು ಸೇನೆಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ ಶಿವರಾಮ ಜಾನಬಾ ಕಾಂಬಳೆ ಮೊದಲಾದವರು ಇದೇ ಹೆಸರುಗಳನ್ನು ಮುಂದಿಟ್ಟು ಹಕ್ಕು ಕೇಳಿದರು. 1927ರ ಜನವರಿ 1ರಂದು ಡಾ. ಅಂಬೇಡ್ಕರ್ ಅಲ್ಲಿಗೆ ಬಂದರು. ಅಂದಿನಿಂದ ಕಂಪನಿಯ ಜಯಸ್ತಂಭ ಪೇಶ್ವೆಗಳ ಕಾಲದ ಜಾತಿದಬ್ಬಾಳಿಕೆಯ ವಿರುದ್ಧದ ಸ್ತಂಭವಾಯಿತು. ವರ್ಷದ ಮೊದಲ ದಿನ ಲಕ್ಷಾಂತರ ಜನ ಸೇರುತ್ತಾರೆ. ಕಂಪನಿಯ ಪಡೆಯಲ್ಲಿ ಮರಾಠರು, ರಜಪೂತರು, ಮುಸ್ಲಿಮರೂ ಇದ್ದರು, ಪೇಶ್ವೆಯ ಕಡೆ ಅರಬ್ ಸೈನಿಕರು ಮುಂಚೂಣಿಯಲ್ಲಿದ್ದರು ಎಂದು ಇತಿಹಾಸಕಾರರು ತೋರಿಸುತ್ತಾರೆ, ಅದು ನಿಜ. ಆದರೆ ಅದರಿಂದ ಆ 22 ಹೆಸರುಗಳ ತೂಕ ಕಡಿಮೆಯಾಗುವುದಿಲ್ಲ. ಅಲ್ಲಿಗೆ ಬರುವವರು ಹುಡುಕುವುದು ಕಂಪನಿಯನ್ನಲ್ಲ, ತಮ್ಮವರನ್ನು.

ಕದನದ ಇನ್ನೂರನೆಯ ವರ್ಷ, 2018ರ ಜನವರಿ 1ರಂದು, ಸೇರಿದ ಜನರ ಮೇಲೆ ದಾಳಿ ನಡೆದು ಹಿಂಸಾಚಾರದಲ್ಲಿ ಒಬ್ಬ ಯುವಕ ಸತ್ತ. ಅದಕ್ಕೆ ಕೆಲವೇ ದಿನ ಮುಂಚೆ ಪಕ್ಕದ ವಢು ಬುದ್ರುಕ್‌ನಲ್ಲಿ, ಛತ್ರಪತಿ ಸಂಭಾಜಿಯ ಅಂತ್ಯಕ್ರಿಯೆ ನಡೆಸಿದ್ದು ಗೋವಿಂದ ಗೋಪಾಳ ಮಹಾರ್ ಎಂದು ಹೇಳುವ ಫಲಕದ ಬಗ್ಗೆ ತಕರಾರು ಎದ್ದಿತ್ತು. ಒಂದು ಸ್ತಂಭ, ಒಂದು ಸಮಾಧಿ, ಒಂದು ಫಲಕ. ಮುಂದೆ ಇದೇ ಪ್ರಕರಣದ ಹೆಸರಿನಲ್ಲಿ ದೇಶದ ಹಲವೆಡೆ ಲೇಖಕರು, ವಕೀಲರು, ಹಕ್ಕುಗಳ ಹೋರಾಟಗಾರರು ಬಂಧನಕ್ಕೊಳಗಾದರು. ಅವರಲ್ಲಿ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು.

ದೇಶದ ಹಳ್ಳಿಹಳ್ಳಿಗಳಲ್ಲಿರುವ ಅಂಬೇಡ್ಕರ್ ಪ್ರತಿಮೆಗಳನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. ನೀಲಿ ಕೋಟು, ಕೈಯಲ್ಲಿ ಸಂವಿಧಾನ, ಎತ್ತಿದ ಬೆರಳು. ಹೆಚ್ಚಿನವು ಕೇರಿಯವರೇ ಚಂದಾ ಎತ್ತಿ ನಿಲ್ಲಿಸಿದವು. ಊರ ಚೌಕದಲ್ಲಿ ತಮಗೂ ಪಾಲಿದೆ ಎಂಬ ಘೋಷಣೆ ಅವುಗಳಲ್ಲಿರುವುದರಿಂದಲೇ ಅವುಗಳಿಗೆ ಮಸಿ ಬಳಿಯುವುದು, ಬೆರಳು ಮುರಿಯುವುದು ನಡೆಯುತ್ತದೆ. ತಮಿಳುನಾಡಿನ ಹಲವು ಊರುಗಳಲ್ಲಿ ಅವು ಕಬ್ಬಿಣದ ಪಂಜರದೊಳಗಿವೆ.

ಭಾಷೆ, ಗಡಿ ಮತ್ತು ಕಾನೂನು

ಕರ್ನಾಟಕದಲ್ಲಿ ಪ್ರತಿಮೆಗಳ ಜಗಳ ಬಹುಪಾಲು ಭಾಷೆ ಮತ್ತು ಗಡಿಯ ಜಗಳ. ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 1991ರಲ್ಲಿ ಸಿದ್ಧವಾಯಿತು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಮತ್ತು ಗಲಭೆಗಳ ವರ್ಷವದು. ಎರಡು ಸಾವಿರ ವರ್ಷಗಳಷ್ಟು ಹಳೆಯವನೆಂದು ತಮಿಳರು ನಂಬುವ ಕವಿ ನದಿನೀರಿನ ಜಗಳದಲ್ಲಿ ಸಿಕ್ಕಿಕೊಂಡು ಹದಿನೆಂಟು ವರ್ಷ ಮುಸುಕಿನೊಳಗೆ ನಿಂತ. 2009ರ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅದನ್ನು ಅನಾವರಣಗೊಳಿಸಿದರು. ನಾಲ್ಕು ದಿನಗಳ ನಂತರ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯನ್ನು ಕರ್ನಾಟಕದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅನಾವರಣಗೊಳಿಸಿದರು. ಆಗ ಎರಡೂ ಕಡೆ ಪ್ರತಿಭಟನೆಗಳೂ ಲೆಕ್ಕಾಚಾರಗಳೂ ಇದ್ದವು. ಆದರೂ ಕೊಟ್ಟು ತೆಗೆದುಕೊಂಡು ಇಬ್ಬರೂ ಮಾನ ಉಳಿಸಿಕೊಂಡ ಈ ಏರ್ಪಾಟು ಈ ಲೇಖನದಲ್ಲಿ ಬಂದ ಹಲವು ದೇಶಗಳಿಗಿಂತ ಮುಂದಿದೆ.

ಬೆಳಗಾವಿಯಲ್ಲಿ ಅಷ್ಟು ಸಲೀಸಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದ ಸುದ್ದಿ ಹರಡಿದ ಬೆನ್ನಲ್ಲೇ ಬೆಳಗಾವಿಯ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಲಾಯಿತು. ಮೊಘಲರ ವಿರುದ್ಧ ನಿಂತ ಒಬ್ಬ, ಬ್ರಿಟಿಷರ ವಿರುದ್ಧ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಇನ್ನೊಬ್ಬ. ಬದುಕಿದ್ದಾಗ ಇವರಿಬ್ಬರ ಕಾಲವೇ ಒಂದಲ್ಲ. ಇವರನ್ನು ಎದುರಾಳಿಗಳನ್ನಾಗಿ ಮಾಡಿದ್ದು 1956ರ ರಾಜ್ಯ ಪುನರ್ವಿಂಗಡಣೆಯ ನಂತರದ ರಾಜಕೀಯ.

ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶಿಸಿತು. ಚುನಾವಣಾ ಕಾಲದಲ್ಲಿ ಪ್ರತಿಮೆಯೇ ಪ್ರಚಾರವಾಗುತ್ತದೆಂದು 2012ರಲ್ಲಿ ಚುನಾವಣಾ ಆಯೋಗ ಉತ್ತರ ಪ್ರದೇಶದಲ್ಲಿ ಮಾಯಾವತಿಯವರ ಮತ್ತು ಆನೆಗಳ ಪ್ರತಿಮೆಗಳಿಗೆ ಹೊದಿಕೆ ಹಾಕಿಸಿತ್ತು. ನೆಲದ ಮೇಲೆ ಈ ಆದೇಶಗಳ ಹಿಡಿತ ಸಡಿಲ. ರಾತ್ರೋರಾತ್ರಿ ಪ್ರತಿಮೆ ನಿಲ್ಲಿಸಿ ಬೆಳಗ್ಗೆ ಹಾರ ಹಾಕಿಬಿಟ್ಟರೆ, ಆಮೇಲೆ ಅದನ್ನು ತೆಗೆಯಿಸುವ ಧೈರ್ಯ ಯಾವ ತಹಶೀಲ್ದಾರರಿಗೂ ಸುಲಭವಾಗಿ ಬರುವುದಿಲ್ಲ. 2020ರ ಆಗಸ್ಟ್‌ನಲ್ಲಿ ಬೆಳಗಾವಿ ಸಮೀಪದ ಪೀರನವಾಡಿಯಲ್ಲಿ ಹೀಗೆಯೇ ರಾತ್ರಿಯಲ್ಲಿ ರಾಯಣ್ಣನ ಪ್ರತಿಮೆ ಬಂತು, ಬೆಳಗ್ಗೆ ಎರಡು ಗುಂಪು ಸೇರಿದವು, ಲಾಠಿ ಬೀಸಲಾಯಿತು. ಹಿರಿಯ ಪೊಲೀಸ್ ಅಧಿಕಾರಿಗಳು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿದ ಮೇಲೆ, ರಾಯಣ್ಣನ ಪ್ರತಿಮೆ ಇದ್ದಲ್ಲೇ ಇರಲಿ, ವೃತ್ತಕ್ಕೆ ಶಿವಾಜಿಯ ಹೆಸರಿರಲಿ ಎಂಬ ಒಪ್ಪಂದಕ್ಕೆ ಬಂದರು.